ಗ್ರೀಕ್ ಕುಣಿತ ಶಾಲೆಯವರು ರೋಗಿಗಳಿಗೆ ದುಡ್ಡು ಎತ್ತುತ್ತಾರೆ, ನಮ್ಮ ಕೋಲಾಟದ ತಂಡ ಯಾಕೆ ಎತ್ತಬಾರದು?

ಓಕ್ಲೀ ಅಕ್ಕ:

ಎಲ್ಲರಿಗೂ ನಮಸ್ಕಾರ. ವಿಷಯ ಸ್ವಲ್ಪ ಉದ್ದ ಇದೆ, ಕಾಫಿ ಪಕ್ಕದಲ್ಲಿ ಇಟ್ಟುಕೊಂಡು ಓದಿ.

ಮೆಲ್ಬರ್ನ್‌ನ ಈ ಕಡೆ ಇರುವವರಿಗೆ ಓಕ್ಲೀ ಗೊತ್ತು. ಈಟನ್ ಮಾಲ್‌ನಲ್ಲಿ ಸಂಜೆ ಹೊತ್ತು ಕೂತರೆ ಇಂಗ್ಲಿಷಿಗಿಂತ ಗ್ರೀಕ್ ಮಾತೇ ಜಾಸ್ತಿ ಕಿವಿಗೆ ಬೀಳುತ್ತದೆ. ನಮ್ಮ ಪಕ್ಕದ ಮನೆಯವರೂ ಗ್ರೀಕರು. ಅಜ್ಜಿ 60ರ ದಶಕದಲ್ಲಿ ಪಾತ್ರಿಸ್ ಅನ್ನುವ ಹಡಗಿನಲ್ಲಿ ಬಂದವರು. ಅವರ ಮೊಮ್ಮಗಳೂ ನನ್ನ ಮಗಳೂ ಒಂದೇ ಕ್ಲಾಸು, ಹಾಗಾಗಿ ಇವಳೂ ಶನಿವಾರ ಗ್ರೀಕ್ ಕುಣಿತ ಕಲಿಯಲು ಹೋಗುತ್ತಾಳೆ. ಶಾಲೆ ಅಂದರೆ ದೊಡ್ಡ ಕಟ್ಟಡ, ಬೋರ್ಡು ಏನಿಲ್ಲ. ಚರ್ಚಿನ ಪಕ್ಕದ ಒಂದು ಹಾಲ್, ಒಂದು ಸ್ಪೀಕರ್, ಗೋಡೆ ಬದಿಗೆ ಕೂತು ಎಲ್ಲರ ಹೆಜ್ಜೆಯಲ್ಲೂ ತಪ್ಪು ಹುಡುಕುವ ಅಜ್ಜಿಯರು.

ಇವರು ವರ್ಷಕ್ಕೊಂದು ಸಲ ಊಟ, ಕುಣಿತ ಎರಡೂ ಇರುವ ಒಂದು ರಾತ್ರಿ ಇಟ್ಟುಕೊಳ್ಳುತ್ತಾರೆ. ಗ್ಲೆಂಡಿ ಅನ್ನುತ್ತಾರೆ. ಖರ್ಚು ಕಳೆದು ಉಳಿದದ್ದೆಲ್ಲ ದಾನಕ್ಕೆ. ಈ ಸಲ ಅರ್ಧ ಥಲಸ್ಸೇಮಿಯಾ ಅನ್ನುವ, ಹುಟ್ಟಿನಿಂದಲೇ ಬರುವ ರಕ್ತದ ಕಾಯಿಲೆ ಇರುವವರ ಸಂಘಕ್ಕೆ, ಅರ್ಧ ಅಂಗವಿಕಲ ಮಕ್ಕಳ ಒಂದು ಸಂಸ್ಥೆಗೆ. ಹತ್ತು ಜನರ ಒಂದೊಂದು ಟೇಬಲ್ ಮಾಡಿ ಟಿಕೆಟ್ ಮಾರುತ್ತಾರೆ. ಬಾಗಿಲಲ್ಲೇ ಒಬ್ಬ ಅಜ್ಜಿ ಲಾಟರಿ ಥರದ ರ‍್ಯಾಫಲ್ ಚೀಟಿ ಹಿಡಿದು ಕೂತಿರುತ್ತಾರೆ, ಅವರನ್ನು ದಾಟಿ ಒಳಗೆ ಹೋದವರನ್ನು ನಾನು ನೋಡಿಲ್ಲ. ಮಾಂಸ ಸುಡುವುದು ಗಂಡಸರು, ಜೇನು ಸುರಿದ ಲುಕುಮಾದೆಸ್ ಕರಿಯುವುದು ಅಮ್ಮಂದಿರು. ಮೊದಲು ಮಕ್ಕಳ ಕುಣಿತ, ಆಮೇಲೆ ಕ್ಲಾರಿನೆಟ್‌ನವರು ಶುರು ಮಾಡಿದರೆ ಹಾಲಿಗೆ ಹಾಲೇ ಎದ್ದು ಕೈ ಹಿಡಿದು ಸುತ್ತುತ್ತದೆ. ಒಬ್ಬೊಬ್ಬರೇ ಕುಣಿಯುವ ಹೊತ್ತಿಗೆ ನೆಂಟರು ಕಾಲಬಳಿ ನೋಟು ಎಸೆಯುತ್ತಾರೆ. ಮಾಮೂಲಿಯಾಗಿ ಅದು ವಾದ್ಯದವರಿಗೆ ಹೋಗುವ ದುಡ್ಡಂತೆ, ಆವತ್ತು ಮಾತ್ರ ಮಕ್ಕಳು ಪೊರಕೆಯಲ್ಲಿ ಗುಡಿಸಿ ದಾನದ ಡಬ್ಬಿಗೆ ತುಂಬಿದರು.

ಭಾಷಣ ಇತ್ತು, ಆದರೆ ಚಿಕ್ಕದು. ಥಲಸ್ಸೇಮಿಯಾ ಇರುವ ಒಬ್ಬ ಹೆಂಗಸು ತಾನೇ ಬಂದು ಮಾತಾಡಿ, ತಿರುಗಿ ಹೋಗಿ ಸಾಲಿನಲ್ಲಿ ಕುಣಿದರು. ಮಕ್ಕಳ ಸಾಲಿನಲ್ಲಿ ಡೌನ್ ಸಿಂಡ್ರೋಮ್ ಇರುವ ಹುಡುಗಿಯೊಬ್ಬಳು ಇದ್ದಳು. ಅದನ್ನು ಯಾರೂ ಮೈಕಿನಲ್ಲಿ ಹೇಳಲಿಲ್ಲ.

ನಮ್ಮಲ್ಲೂ ಯುಗಾದಿ, ರಾಜ್ಯೋತ್ಸವ ಎಲ್ಲ ನಡೆಯುತ್ತದೆ. ಕೋಲಾಟ, ಡೊಳ್ಳು, ಮಕ್ಕಳ ಡ್ಯಾನ್ಸ್ ಎಲ್ಲ ಇದೆ. ದುಡ್ಡು ಹಾಲ್ ಬಾಡಿಗೆಗೆ, ಊಟಕ್ಕೆ, ಸೌಂಡಿಗೆ ಮುಗಿಯುತ್ತದೆ. ನಾವೂ ವರ್ಷಕ್ಕೊಂದು ಕಾರ್ಯಕ್ರಮ ಹೀಗೆ ಮಾಡಬಹುದಾ? ಮಾಡಿದವರು ಯಾರಾದರೂ ಇದ್ದೀರಾ?

ಟಾರ್ನೀಟ್ ಗೌಡ:

ಅಕ್ಕ, ಯೋಚನೆ ಚೆನ್ನಾಗಿದೆ. ಆದರೆ ನನ್ನ ತಲೆಗೆ ಬರುವ ಮೊದಲ ಪ್ರಶ್ನೆ ಲೆಕ್ಕದ್ದು. ಹಾಲ್ ಬಾಡಿಗೆ, ಊಟ, ಬ್ಯಾಂಡು, ಬಟ್ಟೆ, ಇನ್ಶೂರೆನ್ಸ್ ಎಲ್ಲ ಕಳೆದು ಏನು ಉಳಿಯುತ್ತದೆ? ನಾನು ಹಿಂದೆ ಇಂಥದ್ದೇ ಒಂದು ಸಹಾಯಾರ್ಥ ಕಾರ್ಯಕ್ರಮಕ್ಕೆ ಟಿಕೆಟ್ ತೆಗೆದುಕೊಂಡಿದ್ದೆ. ಯಾವ ಸಂಘ ಅಂತ ಹೇಳುವುದಿಲ್ಲ. ಕೊನೆಗೆ ಎಷ್ಟು ಸೇರಿತು, ಯಾರಿಗೆ ಹೋಯಿತು ಅಂತ ಇವತ್ತಿಗೂ ಗೊತ್ತಿಲ್ಲ. ಕೇಳಿದರೆ "ಕಮಿಟಿಯಲ್ಲಿ ಮಾತಾಡಿದ್ದೇವೆ" ಅನ್ನುವ ಉತ್ತರ. ಎಲ್ಲರೂ ಸುಮ್ನೆ ಐವತ್ತೈವತ್ತು ಡಾಲರ್ ನೇರವಾಗಿ ಆ ಸಂಸ್ಥೆಗೆ ಹಾಕಿದರೆ ಮುಗಿಯಿತಲ್ವಾ? ಕುಣಿತ ಯಾಕೆ ನಡುವೆ?

ಮೃದಂಗದ ಮೂರ್ತಿ:

ಗೌಡ್ರೇ, ಐವತ್ತು ಡಾಲರ್ ನೇರವಾಗಿ ಹಾಕಿ ಅಂದರೆ ನೀವು ಹಾಕುತ್ತೀರಾ? ನಾನಂತೂ ನಾಳೆ ನೋಡೋಣ ಅಂತ ಮರೆತುಬಿಡುತ್ತೇನೆ. ಮಗಳು ಕುಣಿಯುತ್ತಾಳೆ ಅಂದರೆ ಮಾತ್ರ ಅತ್ತೆ ಮಾವನನ್ನೂ ಕರೆದುಕೊಂಡು ಹೋಗಿ ಟೇಬಲ್ ತುಂಬಿಸುತ್ತೇನೆ. ಕುಣಿತ ನಡುವೆ ಇರುವುದು ಅದಕ್ಕೇ.

ಇನ್ನೊಂದು ವಿಷಯ, ಸ್ವಲ್ಪ ದಾರಿ ತಪ್ಪಿ ಹೋಗುತ್ತೇನೆ, ಕ್ಷಮೆ ಇರಲಿ. ಅಕ್ಕ ಹೇಳಿದ ಸುತ್ತು ಕುಣಿತ ಕಲಮತಿಯಾನೋಸ್ ಇರಬೇಕು. ಅದು ಏಳು ಎಣಿಕೆಯದು, 3+2+2. ನಮ್ಮ ಮಿಶ್ರ ಛಾಪು ತಾಳ! ತಕಿಟ ತಕ ಧಿಮಿ ಅಂತ ಹೇಳಿಕೊಂಡು ಹೋದರೆ ಕಾಲು ತಾನೇ ಬೀಳುತ್ತದೆ. ಹನ್ನೆರಡು ಹೆಜ್ಜೆಗೆ ಒಂದು ಸುತ್ತು ಮುಗಿಯುತ್ತದೆ. ಸಾಲು ಬಲಕ್ಕೆ ಸಾಗುತ್ತದೆ. ಮುಂದಿನವರು ಕರವಸ್ತ್ರ ಹಿಡಿದು ಎರಡನೆಯವರ ಆಸರೆಯಲ್ಲಿ ಜಿಗಿಯುತ್ತಾರೆ, ತಿರುಗುತ್ತಾರೆ. ಕಸರತ್ತೆಲ್ಲ ಅವರದ್ದು. ಹಿಂದೆ ಇರುವವರು ಮಾಮೂಲಿ ಹೆಜ್ಜೆ ಹಾಕಿದರೆ ಸಾಕು. ಎಂಟು ವರ್ಷದವನೂ ಎಂಬತ್ತರ ಅಜ್ಜಿಯೂ ಒಂದೇ ಸಾಲಿನಲ್ಲಿ ಇರಬಹುದು. ಒಂಟಿಯಾಗಿ ಕುಣಿಯುತ್ತಾರಲ್ಲ, ನೋಟು ಎಸೆಯುವುದು, ಅದು ಜೇಬೆಕಿಕೊ. ಒಂಬತ್ತು ಎಣಿಕೆ, ನಿಧಾನ, ಹೆಜ್ಜೆ ಅವರವರ ಮನಸ್ಸಿಗೆ ಬಂದ ಹಾಗೆ.

ಎಲ್ಲರಿಗೂ ಗೊತ್ತಿರುವ ಸಿರ್ತಾಕಿ ಮಾತ್ರ ಹಳ್ಳಿಯ ಕುಣಿತ ಅಲ್ಲ. 1964ರ ಒಂದು ಸಿನಿಮಾಕ್ಕೆ ಅಂತ ಕಟ್ಟಿದ್ದು. ಆದರೂ ಗ್ರೀಸಿನವರೇ ಅದನ್ನು ಸಾಕಿಕೊಂಡಿದ್ದಾರೆ. 2012ರಲ್ಲಿ ವೋಲೋಸ್ ಊರಿನಲ್ಲಿ ಐದು ಸಾವಿರಕ್ಕೂ ಜಾಸ್ತಿ ಜನ ಒಟ್ಟಿಗೆ ಕುಣಿದು ಗಿನ್ನೆಸ್ ದಾಖಲೆ ಮಾಡಿದರು.

ನಾನು ಹೇಳಬೇಕೆಂದದ್ದು ಇಷ್ಟೇ. ನಮ್ಮ ಕಾರ್ಯಕ್ರಮದಲ್ಲಿ ಸ್ಟೇಜಿನ ಮೇಲೆ ಹತ್ತು ಜನ, ಕೆಳಗೆ ಮುನ್ನೂರು ಜನ ಫೋನು ಹಿಡಿದು ಕೂತಿರುತ್ತಾರೆ. ಅಲ್ಲಿ ಹಾಗಲ್ಲ, ಟಿಕೆಟ್ ಕೊಟ್ಟವನೂ ಕುಣಿಯುತ್ತಾನೆ. ಮುಂದಿನ ವರ್ಷ ಮತ್ತೆ ಬರುವುದು ಅದಕ್ಕೇ.

ಲೆಕ್ಕದ ಮೇಷ್ಟ್ರು:

ಗೌಡರ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ, ಇದು ನನ್ನ ಹೊಟ್ಟೆಪಾಡಿನ ಕೆಲಸ. ವಿಕ್ಟೋರಿಯಾ ರಾಜ್ಯದ ಮಾತು ಹೇಳುತ್ತಿದ್ದೇನೆ, ಸಿಡ್ನಿಯವರು ನಿಮ್ಮ ನಿಯಮ ಬೇರೆ ನೋಡಿಕೊಳ್ಳಿ.

ಇಲ್ಲಿ ದಾನ ಎತ್ತುವುದಕ್ಕೆ 1998ರ ಕಾಯ್ದೆ ಇದೆ. ಯಾರು ಬೇಕಾದರೂ ಡಬ್ಬಿ ಹಿಡಿದು ನಿಲ್ಲುವ ಹಾಗಿಲ್ಲ. ಎಲ್ಲರೂ ಸಂಬಳ ಇಲ್ಲದೆ ದುಡಿಯುವವರಾಗಿದ್ದು ವರ್ಷಕ್ಕೆ ಒಟ್ಟು 20,000 ಡಾಲರ್ ದಾಟದಿದ್ದರೆ ನೋಂದಣಿಯಿಂದ ವಿನಾಯಿತಿ ಇದೆ. ಗಮನಿಸಿ, ಒಟ್ಟು ಅಂದರೆ ಖರ್ಚು ಕಳೆಯುವ ಮೊದಲಿನ ಮೊತ್ತ. ದೊಡ್ಡ ಊಟ ಇಟ್ಟರೆ ಟಿಕೆಟ್ ದುಡ್ಡೇ ಅಷ್ಟಾಗಿಬಿಡುತ್ತದೆ. ರ‍್ಯಾಫಲ್‌ಗೆ ಬೇರೆಯೇ ನಿಯಮ, ಅದು ಜೂಜಿನ ಇಲಾಖೆಯ ಕೆಳಗೆ ಬರುತ್ತದೆ.

ಯಾರಿಗೆ ಕೊಡುತ್ತೀರೋ ಆ ಸಂಸ್ಥೆಯಿಂದ ಮೊದಲೇ ಒಂದು ಒಪ್ಪಿಗೆ ಪತ್ರ ತೆಗೆದುಕೊಳ್ಳಿ. 2012ರ ಕೊನೆಯಿಂದ ಇಲ್ಲಿ ದತ್ತಿ ಸಂಸ್ಥೆಗಳಿಗೆ ರಾಷ್ಟ್ರೀಯ ಆಯೋಗ ಇದೆ. ಅದರ ಪಟ್ಟಿಯಲ್ಲಿ ಹೆಸರು ಹಾಕಿ ಹುಡುಕಿದರೆ ಸಂಸ್ಥೆಯ ವರ್ಷದ ವಿವರ ಸಿಗುತ್ತದೆ, ಕಾಸು ಕೊಡಬೇಕಿಲ್ಲ. ಚಿಕ್ಕ ಸಂಸ್ಥೆಗಳು ಪೂರ್ತಿ ಲೆಕ್ಕಪತ್ರ ಕೊಡಲೇಬೇಕು ಅಂತಿಲ್ಲ, ಆದರೂ ಕೇಳಿದರೆ ಒಳ್ಳೆಯವರು ಕೊಡುತ್ತಾರೆ.

ತೆರಿಗೆ ವಿಷಯದಲ್ಲಿ ನಮ್ಮವರು ಸದಾ ಎಡವುತ್ತಾರೆ. ಊಟದ ಟಿಕೆಟ್ ಮಾಮೂಲಿಯಾಗಿ ದಾನ ಅಲ್ಲ, ನೀವು ಅದಕ್ಕೆ ಊಟ ತಿಂದಿರುತ್ತೀರಿ. ರ‍್ಯಾಫಲ್ ಚೀಟಿಯೂ ಅಲ್ಲ. ದಾನ ಕೊಟ್ಟವರಿಗೆ ತೆರಿಗೆ ವಿನಾಯಿತಿ ಸಿಗುವ ಸಂಸ್ಥೆಗೆ ಏನನ್ನೂ ವಾಪಸ್ ಪಡೆಯದೆ ಎರಡು ಡಾಲರ್ ಅಥವಾ ಜಾಸ್ತಿ ಕೊಟ್ಟರೆ ಮಾತ್ರ ರಸೀದಿ ತೋರಿಸಿ ಕಳೆಯಬಹುದು. ಅದಕ್ಕೆ ಟಿಕೆಟ್ ದರ ಕಡಿಮೆ ಇಟ್ಟು ಖರ್ಚಿಗೆ ಸರಿಯಾಗಿಸಿ, ದಾನಕ್ಕೆ ಬೇರೆ ದಾರಿ ಕೊಡಿ. ನೇರ ಸಂಸ್ಥೆಯ ಖಾತೆಗೇ ಹೋಗಲಿ. ಸಂಘದ ಖಾತೆಗೆ ಬಂದು ಹೋಗುವುದು ಬೇಡವೇ ಬೇಡ. ಗೌಡರ ಅನುಮಾನ ಅರ್ಧ ಅಲ್ಲೇ ಮುಗಿಯುತ್ತದೆ.

ಊರಿಗೆ ಕಳಿಸೋಣ ಅಂತ ಯಾರಾದರೂ ಕೇಳೇ ಕೇಳುತ್ತೀರಿ. ಭಾರತದ ಸಂಸ್ಥೆ ವಿದೇಶಿ ದುಡ್ಡು ಪಡೆಯಬೇಕಾದರೆ ವಿದೇಶಿ ದೇಣಿಗೆ ಕಾಯ್ದೆಯ, ಅಂದರೆ ಎಫ್‌ಸಿಆರ್‌ಎ ನೋಂದಣಿ ಇರಬೇಕು. 2020ರ ತಿದ್ದುಪಡಿ ಆದ ಮೇಲೆ ಆ ದುಡ್ಡು ದೆಹಲಿಯ ಸ್ಟೇಟ್ ಬ್ಯಾಂಕಿನ ಒಂದೇ ಶಾಖೆಯ ಖಾತೆಗೆ ಮೊದಲು ಬರಬೇಕು. ನೋಂದಣಿ ಇಲ್ಲದ ಪುಟ್ಟ ಸಂಸ್ಥೆಗೆ ಪ್ರೀತಿಯಿಂದ ಕಳಿಸಿದರೆ ಅವರಿಗೇ ತೊಂದರೆ.

ಟಾರ್ನೀಟ್ ಗೌಡ:

ಮೇಷ್ಟ್ರೇ, ಖಾತೆಯ ಮಾತು ಒಪ್ಪಿದೆ. ಉಳಿದದ್ದು ಓದಿ ತಲೆ ತಿರುಗಿತು.

ಲ್ಯಾಬ್ ಲತಾ:

ನಾನು ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಈ ಚರ್ಚೆಯಲ್ಲಿ ಯಾರೂ ಕೇಳದ ಒಂದು ವಿಷಯ ಇದೆ. ಗ್ರೀಕರು ಥಲಸ್ಸೇಮಿಯಾಗೇ ಯಾಕೆ ದುಡ್ಡು ಎತ್ತುತ್ತಾರೆ?

ಯಾಕೆಂದರೆ ಅದು ಅವರ ಮನೆಯೊಳಗಿನ ಕಾಯಿಲೆ. ಮೆಡಿಟರೇನಿಯನ್ ಸಮುದ್ರದ ಸುತ್ತ ಮಲೇರಿಯಾ ಹೆಚ್ಚಿದ್ದ ಕಡೆ ಈ ಜೀನ್ ಉಳಿದುಕೊಂಡಿತು. ಒಂದೇ ಪ್ರತಿ ಇದ್ದವರಿಗೆ ಮಲೇರಿಯಾದಿಂದ ಸ್ವಲ್ಪ ರಕ್ಷಣೆ, ಅದಕ್ಕೆ ಉಳಿಯಿತು. ಅವರನ್ನು ವಾಹಕರು ಅನ್ನುತ್ತೇವೆ, ಅವರಿಗೆ ಮಾಮೂಲಿಯಾಗಿ ದೊಡ್ಡ ತೊಂದರೆ ಇರುವುದಿಲ್ಲ, ಎಷ್ಟೋ ಸಲ ಗೊತ್ತೂ ಆಗುವುದಿಲ್ಲ. ಗಂಡ ಹೆಂಡತಿ ಇಬ್ಬರೂ ವಾಹಕರಾದರೆ ಮಾತ್ರ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ, ಮಗುವಿಗೆ ದೊಡ್ಡ ಕಾಯಿಲೆ ಬರಬಹುದು. ಆ ಮಗುವಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಹಾಕಬೇಕು, ಜೀವನ ಪೂರ್ತಿ. ರಕ್ತದ ಜೊತೆ ಬರುವ ಕಬ್ಬಿಣ ಹೃದಯ, ಯಕೃತ್ತಿನಲ್ಲಿ ಕೂತುಬಿಡುತ್ತದೆ. ಅದನ್ನು ತೆಗೆಯಲು ಹಿಂದೆ ರಾತ್ರಿಯಿಡೀ ಹೊಟ್ಟೆಗೆ ಸೂಜಿ ಚುಚ್ಚಿ ಪಂಪ್ ಕಟ್ಟಿಕೊಂಡು ಮಲಗಬೇಕಿತ್ತು. ಈಗ ಮಾತ್ರೆ ಬಂದಿದೆ, ತುಂಬಾ ಜನರಿಗೆ ಅದೇ ಸಾಕಾಗುತ್ತದೆ. ಮೆಲ್ಬರ್ನ್‌ನಲ್ಲಿ ಇದಕ್ಕೆ ದೊಡ್ಡ ಕೇಂದ್ರ ಕ್ಲೇಟನ್‌ನ ಮೊನಾಶ್ ಆಸ್ಪತ್ರೆಯಲ್ಲಿ ಇದೆ, ನಮ್ಮವರು ಜಾಸ್ತಿ ಇರುವ ಜಾಗದಲ್ಲೇ.

ಇದು ಗ್ರೀಕರ ಕಾಯಿಲೆ ಮಾತ್ರ ಅಂದುಕೊಂಡರೆ ತಪ್ಪು. ಭಾರತದಲ್ಲಿ ನೂರಕ್ಕೆ ಮೂರು ನಾಲ್ಕು ಜನ ವಾಹಕರು ಅಂತ ಅಂದಾಜು, ಸಿಂಧಿ, ಪಂಜಾಬಿ ಥರದ ಕೆಲವು ಸಮುದಾಯಗಳಲ್ಲಿ ಇನ್ನೂ ಜಾಸ್ತಿ. ಇದರ ಅಕ್ಕತಂಗಿ ಕಾಯಿಲೆ ಸಿಕಲ್ ಸೆಲ್ ಮೈಸೂರು, ಚಾಮರಾಜನಗರ, ಕೊಡಗಿನ ಬುಡಕಟ್ಟು ಜನರಲ್ಲಿ ಇದೆ. ಬೆಂಗಳೂರಿನ ಸಂಕಲ್ಪ್ ಇಂಡಿಯಾ ಫೌಂಡೇಶನ್ ಥಲಸ್ಸೇಮಿಯಾ ಮಕ್ಕಳಿಗಾಗಿ ವರ್ಷಗಳಿಂದ ಕೆಲಸ ಮಾಡುತ್ತಿದೆ. ಮತ್ತೆ ಅಕ್ಕ ಹೇಳಿದ ಎರಡು ದಾನ, ರೋಗಿಗಳಿಗೆ ಒಂದು, ಅಂಗವಿಕಲರಿಗೆ ಇನ್ನೊಂದು ಅಂತ ಬೇರೆ ಬೇರೆ ಕಾಣುತ್ತದೆ ಅಲ್ವಾ? ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆ ಪಟ್ಟಿ ಮಾಡಿದ್ದಾರೆ, ಅದರಲ್ಲಿ ಥಲಸ್ಸೇಮಿಯಾ, ಹಿಮೋಫಿಲಿಯಾ, ಸಿಕಲ್ ಸೆಲ್ ಮೂರೂ ಸೇರಿವೆ.

ಒಂದು ಉಪಯೋಗದ ಮಾತು. ಹಿಮೋಗ್ಲೋಬಿನ್ ಸ್ವಲ್ಪ ಕಡಿಮೆ ಅಂತ ವರ್ಷಗಟ್ಟಲೆ ಕಬ್ಬಿಣದ ಮಾತ್ರೆ ನುಂಗಿಯೂ ಏರದೇ ಇದ್ದರೆ, ನಿಮ್ಮ ಕೆಂಪು ಕಣಗಳು ಗಾತ್ರದಲ್ಲಿ ಚಿಕ್ಕದು ಅಂತ ರಿಪೋರ್ಟಿನಲ್ಲಿ ಬರೆದಿದ್ದರೆ, ಡಾಕ್ಟರ ಹತ್ತಿರ ವಾಹಕ ಪರೀಕ್ಷೆ ಕೇಳಿ. ಮದುವೆಗೆ ಮೊದಲು, ಇಲ್ಲವೇ ಮಗು ಬೇಕು ಅಂದುಕೊಂಡಾಗ ಮಾಡಿಸಿದರೆ ಒಳ್ಳೆಯದು. ಜಾತಕ ಕೂಡಿಸುವುದಕ್ಕೆ ಸಮಯ ಇರುತ್ತದೆ, ಇದಕ್ಕೂ ಇರಲಿ.

ಲಂಡನ್ ಲಕ್ಷ್ಮೀಶ:

ಲತಾ ಮೇಡಂ ಹೇಳಿದ್ದಕ್ಕೆ ಇಲ್ಲಿಂದ ಒಂದು ಸೇರಿಸುತ್ತೇನೆ. ನಾನು ಇರುವುದು ಉತ್ತರ ಲಂಡನ್, ಪಾಮರ್ಸ್ ಗ್ರೀನ್ ಹತ್ತಿರ. ಇಲ್ಲಿ ಸೈಪ್ರಸ್‌ನ ಗ್ರೀಕರು ತುಂಬಾ. ಬ್ರಿಟನ್ನಿನ ಥಲಸ್ಸೇಮಿಯಾ ಸಂಘ ಶುರುವಾದದ್ದು 1976ರಲ್ಲಿ, ಮಕ್ಕಳಿಗೆ ಕಾಯಿಲೆ ಇದ್ದ ಅಪ್ಪ ಅಮ್ಮಂದಿರೇ ಸೇರಿ ಕಟ್ಟಿದ್ದು. ಆಗ ದೊಡ್ಡ ಪಾಲು ಸೈಪ್ರಸ್ ಮೂಲದವರು. ಈಗ ಪಾಕಿಸ್ತಾನ, ಭಾರತ, ಬಾಂಗ್ಲಾದೇಶ ಮೂಲದ ರೋಗಿಗಳೇ ಜಾಸ್ತಿ. ಅಂದರೆ ಅವರು ಕುಣಿದು, ತಿಂಡಿ ಮಾರಿ ಕಟ್ಟಿದ ಮನೆಯಲ್ಲಿ ಈಗ ನಮ್ಮ ಕಡೆಯ ಮಕ್ಕಳೂ ಇದ್ದಾರೆ.

ಸೈಪ್ರಸ್‌ನಲ್ಲಿ ಏಳು ಜನರಲ್ಲಿ ಒಬ್ಬರು ವಾಹಕರು. ಒಂದು ಕಾಲಕ್ಕೆ ದೇಶದ ರಕ್ತನಿಧಿ, ಔಷಧದ ದುಡ್ಡು ಎಲ್ಲ ಈ ಒಂದು ಕಾಯಿಲೆಗೇ ಮುಗಿಯಬಹುದು ಅನ್ನುವ ಭಯ ಇತ್ತು. 70ರ ದಶಕದಲ್ಲಿ ಪರೀಕ್ಷೆ ಶುರು ಮಾಡಿದರು. 80ರ ದಶಕದಲ್ಲಿ ಚರ್ಚು ಕೂಡ ಕೈಜೋಡಿಸಿತು. ಮದುವೆಗೆ ಮೊದಲು ಪರೀಕ್ಷೆ ಮಾಡಿಸಿಕೊಂಡು ಸಲಹೆ ಕೇಳಿದ್ದೇವೆ ಅನ್ನುವ ಚೀಟಿ ತರಬೇಕು. ಫಲಿತಾಂಶ ಪಾದ್ರಿಗೆ ಹೇಳಬೇಕಿಲ್ಲ, ಮದುವೆ ಆಗುವುದು ಬಿಡುವುದು ಅವರ ಇಷ್ಟ. ಹೊಸದಾಗಿ ಹುಟ್ಟುವ ರೋಗಿ ಮಕ್ಕಳ ಸಂಖ್ಯೆ ಹೆಚ್ಚುಕಡಿಮೆ ಸೊನ್ನೆಗೆ ಇಳಿಯಿತು. ಜಗತ್ತಿನ ಥಲಸ್ಸೇಮಿಯಾ ಒಕ್ಕೂಟದ ಕಚೇರಿ ಇವತ್ತಿಗೂ ನಿಕೋಸಿಯಾದಲ್ಲೇ ಇದೆ. ಮೇ 8 ಥಲಸ್ಸೇಮಿಯಾ ದಿನ, ನಿಮ್ಮ ಕಾರ್ಯಕ್ರಮಕ್ಕೆ ತಾರೀಖು ಹುಡುಕುತ್ತಿದ್ದರೆ.

ಕಟಪಾಡಿ ಹತ್ತಿರದವನು:

ಗ್ರೀಕರು ಅಂತ ಇಷ್ಟು ಬೆರಗಾಗಬೇಡಿ ಮಾರಾಯ್ರೆ. ನಮ್ಮ ಕರಾವಳಿಯಲ್ಲಿ ಸಹಾಯಾರ್ಥ ಯಕ್ಷಗಾನ ಅಂತ ಬ್ಯಾನರ್ ಕಾಣದ ವರ್ಷ ಇಲ್ಲ. ಯಾರದೋ ಕಿಡ್ನಿ, ಯಾರದೋ ಮಗುವಿನ ಆಪರೇಶನ್. ನಮ್ಮ ರವಿ ಕಟಪಾಡಿ ಗೊತ್ತಿಲ್ವಾ? ಗಾರೆ ಕೆಲಸ ಮಾಡುವ ಮನುಷ್ಯ. ಕೃಷ್ಣ ಜನ್ಮಾಷ್ಟಮಿಗೆ ಮೈಗೆಲ್ಲ ಬಣ್ಣ, ಭಯಂಕರ ವೇಷ ಹಾಕಿಕೊಂಡು ಉಡುಪಿಯಲ್ಲಿ ಸುತ್ತಿ ದುಡ್ಡು ಸೇರಿಸಿದ್ದಾರೆ, ಕಾಯಿಲೆ ಬಿದ್ದ ಮಕ್ಕಳಿಗೆ ಕೊಟ್ಟಿದ್ದಾರೆ. ಆ ಬಣ್ಣ ತೆಗೆಯುವುದೇ ಒಂದು ಯಾತನೆ.

ಆದರೆ ಒಂದು ವ್ಯತ್ಯಾಸ ನನಗೂ ಕಾಣುತ್ತದೆ. ನಮ್ಮಲ್ಲಿ ಒಬ್ಬ ರೋಗಿ, ಒಂದು ಆಟ, ಮುಗಿಯಿತು. ಇಲ್ಲವೇ ಒಬ್ಬ ರವಿ ಮೇಲೆ ಎಲ್ಲ ಭಾರ. ಗ್ರೀಕರದ್ದು ಶಾಲೆ. ವಾರ ವಾರ ಸೇರುವ ಅದೇ ಜನ, ಮುಂದಿನ ವರ್ಷವೂ ಇರುತ್ತಾರೆ. ರಕ್ತ ಜೀವನ ಪೂರ್ತಿ ಬೇಕಾದ ರೋಗಿಗೆ ಒಂದು ಸಲದ ಆಟದಿಂದ ಏನಾಗುತ್ತದೆ ಹೇಳಿ. ಅದಕ್ಕೆ ಅಕ್ಕ, ಕಾರ್ಯಕ್ರಮಕ್ಕೆ ಮೊದಲು ಕ್ಲಾಸು ಶುರು ಮಾಡಿ. ರಾಜ್ಯೋತ್ಸವಕ್ಕೆ ಮೂರು ವಾರ ಇದೆ ಅನ್ನುವಾಗ ಕೋಲು ಹುಡುಕುವ ತಂಡದಿಂದ ಇದು ಆಗುವುದಿಲ್ಲ.

ಟಾರ್ನೀಟ್ ಗೌಡ:

ಮೂರು ವಾರ ಅಂದಿದ್ದು ಜಾಸ್ತಿಯೇ ಆಯಿತು. ಹೋದ ವರ್ಷ ಕೋಲು ಬಂದದ್ದು ಹಿಂದಿನ ದಿನ.

ನಾಲ್ಕು ಚಕ್ರದ ಅಮ್ಮ:

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ನನ್ನ ಮಗನಿಗೆ ಸೆರೆಬ್ರಲ್ ಪಾಲ್ಸಿ ಇದೆ, ವೀಲ್‌ಚೇರ್ ಬಳಸುತ್ತಾನೆ. ಯಾರಿಗಾಗಿ ದುಡ್ಡು ಎತ್ತಬೇಕು ಅಂತ ಮಾತಾಡುತ್ತಿದ್ದೀರೋ ಆ ಕಡೆಯವಳು ನಾನು. ಅದಕ್ಕೆ ಕೆಲವು ಮಾತು ನೇರವಾಗಿ ಹೇಳುತ್ತೇನೆ.

ಕೆಲವು ವರ್ಷದ ಹಿಂದೆ ಒಂದು ಕಾರ್ಯಕ್ರಮಕ್ಕೆ ನಮ್ಮನ್ನು ಕರೆದಿದ್ದರು. ಅಂಗವಿಕಲ ಮಕ್ಕಳಿಗೆ ಅಂತಲೇ ಮಾಡಿದ್ದು. ಸ್ಟೇಜಿಗೆ ರ‍್ಯಾಂಪ್ ಇರಲಿಲ್ಲ. ನಾಲ್ಕು ಜನ ಗಂಡಸರು ಕುರ್ಚಿ ಸಮೇತ ಅವನನ್ನು ಎತ್ತಿ ಮೇಲಿಟ್ಟರು. ದೊಡ್ಡ ರಟ್ಟಿನ ಚೆಕ್ ಪಕ್ಕ ನಿಲ್ಲಿಸಿ ಫೋಟೋ ತೆಗೆದರು. ನಿರೂಪಣೆ ಮಾಡುವವರು ಅವನ ಕಥೆ ಹೇಳಿ ಜನರ ಕಣ್ಣಲ್ಲಿ ನೀರು ತರಿಸಿದರು. ಅವನಿಗೆ ಆಗ ಹನ್ನೊಂದು ವರ್ಷ, ಎಲ್ಲ ಅರ್ಥ ಆಗುತ್ತಿತ್ತು. ಮನೆಗೆ ಬಂದು ಇನ್ನು ಇಂಥ ಕಡೆ ಕರೆದುಕೊಂಡು ಹೋಗಬೇಡ ಅಂದ. ದುಡ್ಡು ಎಷ್ಟು ಸೇರಿತು ಅಂತ ನನಗೆ ನೆನಪಿಲ್ಲ, ಅವನ ಮುಖ ನೆನಪಿದೆ. ಅಕ್ಕ ಹೇಳಿದ ಆ ಹುಡುಗಿಯ ವಿಷಯ ಮೈಕಿನಲ್ಲಿ ಹೇಳಲಿಲ್ಲ ಅನ್ನುವುದು ಓದಿದಾಗಲೇ ಇಲ್ಲಿ ಬರೆಯಬೇಕು ಅನ್ನಿಸಿತು.

ಇನ್ನೊಂದು. "ಇಲ್ಲಿ ಎಲ್ಲ ಸರ್ಕಾರ ಕೊಡುತ್ತದೆ, ದಾನ ಯಾಕೆ" ಅಂತ ಎಷ್ಟೋ ಜನ ಕೇಳುತ್ತಾರೆ. ಆಸ್ಟ್ರೇಲಿಯಾದ ಅಂಗವಿಕಲರ ಯೋಜನೆ, ಎನ್‌ಡಿಐಎಸ್, ನಿಜವಾಗಿಯೂ ದೊಡ್ಡದು. ಆದರೆ ಅದು ಇಲ್ಲಿಯ ಪ್ರಜೆಗಳಿಗೆ, ಪಿಆರ್, ಅಂದರೆ ಕಾಯಂ ಆಗಿ ನೆಲೆಸುವ ಅನುಮತಿ ಇರುವವರಿಗೆ, ಮತ್ತೆ ಒಂದು ವಿಶೇಷ ವೀಸಾದವರಿಗೆ ಮಾತ್ರ. ಕೆಲಸದ ತಾತ್ಕಾಲಿಕ ವೀಸಾದಲ್ಲಿ ಬಂದವರ ಮಗುವಿಗೆ ಇಲ್ಲ. ಥೆರಪಿ, ಕುರ್ಚಿ ಎಲ್ಲ ಕೈಯಿಂದ. ಪಿಆರ್ ಕೇಳಲು ಹೋದರೆ ಮಗುವಿನ ಚಿಕಿತ್ಸೆಯ ಅಂದಾಜು ಖರ್ಚು ಮಿತಿ ದಾಟುತ್ತದೆ ಅಂತ ತಡೆಯಬಹುದು. ಆ ಮಿತಿ 2024ರ ಜುಲೈಯಿಂದ 86,000 ಡಾಲರ್, ಅದಕ್ಕೂ ಮೊದಲು 51,000 ಇತ್ತು. ನಾವು ಆ ದಾರಿ ದಾಟಿ ಬಂದೆವು. ಈಗಲೂ ಅದರ ನಡುವೆ ಸಿಕ್ಕಿಕೊಂಡ ನಮ್ಮ ಕನ್ನಡದ ಕುಟುಂಬಗಳು ನನಗೆ ಗೊತ್ತು. ಅವರು ಇಂಥ ವೇದಿಕೆಯಲ್ಲಿ ಬರೆಯುವುದಿಲ್ಲ, ಎಲ್ಲಿ ವೀಸಾಗೆ ತೊಂದರೆಯಾಗುತ್ತದೋ ಅಂತ. ಅಂಥವರಿಗೆ ಸಹಾಯ ಮಾಡುವ ಸಂಸ್ಥೆಗೆ ಕೊಡುವುದಾದರೆ ನಾನೇ ಅಡುಗೆ ಮಾಡಲು ಬರುತ್ತೇನೆ.

ದುಡ್ಡು ಯಾರಿಗೆ ಅಂತ ನಿರ್ಧರಿಸುವ ಕಮಿಟಿಯಲ್ಲಿ ನಮ್ಮಂಥವರು ಇಬ್ಬರಾದರೂ ಇರಲಿ. ಮತ್ತೆ ಕುಣಿತಕ್ಕೆ ನನ್ನ ಮಗನನ್ನೂ ಸೇರಿಸಿಕೊಳ್ಳಿ. ಕೈ ಹಿಡಿದು ಸುತ್ತುವ ಕುಣಿತ ಅಂದಿರಲ್ಲ, ಅದರಲ್ಲಿ ಅವನಿಗೆ ಜಾಗ ಇದೆ ಅಂತ ನನಗೆ ಅನ್ನಿಸುತ್ತದೆ. ಈಗ ಅವನಿಗೆ ಹದಿನೈದು, ಒಳ್ಳೆ ತಾಳಜ್ಞಾನ ಇದೆ.

ಮೃದಂಗದ ಮೂರ್ತಿ:

ಅಮ್ಮ, ಮೊದಲನೇ ದಿನವೇ ಕರೆದುಕೊಂಡು ಬನ್ನಿ. ಅವನಿಗೆ ಇಷ್ಟ ಇದ್ದರೆ ತಾಳದ ಕಡೆಗೆ ನಾನು ಕೂರಿಸಿಕೊಳ್ಳುತ್ತೇನೆ, ಕುಣಿಯುತ್ತೇನೆ ಅಂದರೆ ಸಾಲಿನಲ್ಲಿ. ಅವನನ್ನೇ ಕೇಳಿ.

ಬೆಂಗಳೂರಿನಲ್ಲಿ ಸಮರ್ಥನಂ ಸಂಸ್ಥೆಯ ಸುನಾದ ತಂಡ ಇದೆಯಲ್ಲ, ಕಣ್ಣು ಕಾಣದ ಕಲಾವಿದರು ಕುಣಿಯುತ್ತಾರೆ. ಅಲ್ಲಿ ಯಾರೂ ಅಯ್ಯೋ ಪಾಪ ಅಂತ ಟಿಕೆಟ್ ತೆಗೆದುಕೊಂಡು ಕೂರುವುದಿಲ್ಲ, ನೃತ್ಯ ನೋಡಲು ಕೂರುತ್ತಾರೆ.

ಲ್ಯಾಬ್ ಲತಾ:

ಕುಣಿತದಿಂದ ದುಡ್ಡು ಮಾತ್ರ ಅಲ್ಲ, ಆರೋಗ್ಯವೂ ಬರುತ್ತದೆ ಅನ್ನುವುದನ್ನೂ ಮರೆಯಬೇಡಿ. ಥೆಸಲೋನಿಕಿಯ ಅರಿಸ್ಟಾಟಲ್ ವಿಶ್ವವಿದ್ಯಾಲಯದವರು ಹೃದಯ ದುರ್ಬಲ ಆದ ರೋಗಿಗಳಲ್ಲಿ ಕೆಲವರಿಗೆ ಗ್ರೀಕ್ ಜಾನಪದ ಕುಣಿತ, ಕೆಲವರಿಗೆ ಮಾಮೂಲಿ ವ್ಯಾಯಾಮ ಕೊಟ್ಟು ತಿಂಗಳುಗಟ್ಟಲೆ ನೋಡಿದರು. 2014ರಲ್ಲಿ ಪ್ರಕಟ ಆಯಿತು. ಕುಣಿದವರಿಗೂ ವ್ಯಾಯಾಮದವರಷ್ಟೇ ಲಾಭ ಆಗಿತ್ತು. ಕುಣಿತದ ಕ್ಲಾಸು ತಪ್ಪಿಸಲು ಯಾರಿಗೂ ಮನಸ್ಸು ಬರುವುದಿಲ್ಲ ಅನ್ನುವುದು ನನ್ನ ಸ್ವಂತ ಊಹೆ. ಜಿಮ್ಮಿಗೆ ದುಡ್ಡು ಕಟ್ಟಿ ಹೋಗದೇ ಇರುವವಳು ಹೇಳುತ್ತಿದ್ದೇನೆ.

ಆಮೇಲೆ, ಥಲಸ್ಸೇಮಿಯಾದವರಿಗೆ ದುಡ್ಡಿನಷ್ಟೇ ರಕ್ತವೂ ಬೇಕು. ಕಾರ್ಯಕ್ರಮದ ವಾರದಲ್ಲಿ ನಾವೆಲ್ಲ ಗುಂಪಾಗಿ ರಕ್ತ ಕೊಡಬಹುದು. ಊರಿಗೆ ಹೋಗಿ ಬಂದವರಿಗೆ ಮಲೇರಿಯಾ ಕಾರಣಕ್ಕೆ ಕೆಲವು ತಿಂಗಳು ಕೆಂಪು ರಕ್ತ ಕೊಡಲು ಬಿಡದೇ ಇರಬಹುದು, ಆಗ ಪ್ಲಾಸ್ಮಾ ಕೊಡಿ. ಮೊದಲೇ ಫೋನ್ ಮಾಡಿ ಕೇಳಿಕೊಂಡು ಹೋಗಿ.

ಓಕ್ಲೀ ಅಕ್ಕ:

ಇಷ್ಟು ಜನ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಪಕ್ಕದ ಮನೆಯ ಅಜ್ಜಿಯ ಮಗಳ ಹತ್ತಿರ ಮಾತಾಡಿದೆ, ಅವರೇ ಶಾಲೆಯ ಖರ್ಚು ನೋಡಿಕೊಳ್ಳುವುದು. ಅವರ ಗುಟ್ಟು ಅಂದರೆ ಹಾಲ್, ಮಾಂಸ, ಬ್ಯಾಂಡು ಮೂರನ್ನೂ ಅಂಗಡಿಯವರು, ಪರಿಚಯದವರು ಕೊಟ್ಟುಬಿಡುತ್ತಾರೆ. ಟಿಕೆಟ್ ದುಡ್ಡು ಖರ್ಚಿಗೆ ಕರಗುವುದಿಲ್ಲ. ಬಟ್ಟೆಯೂ ಯಾರ ಸ್ವಂತದ್ದಲ್ಲ, ಶಾಲೆಯ ಬೀರುವಿನಲ್ಲಿ ಇರುತ್ತದೆ. ಗಂಡಸರ ಆ ಬಿಳಿ ಮಡಿಕೆಯ ಲಂಗ ಇದೆಯಲ್ಲ, ಫುಸ್ತನೇಲಾ, ಅದಕ್ಕೆ 400 ಮಡಿಕೆ ಅನ್ನುವುದು ವಾಡಿಕೆ. ಇಸ್ತ್ರಿ ಮಾಡುವವರನ್ನು ಕೇಳಿದರೆ ಅದಕ್ಕಿಂತ ಜಾಸ್ತಿ ಅನ್ನುತ್ತಾರೆ.

ಅವರಿಗೆ ನಮ್ಮ ಕೋಲಾಟ ನೋಡಬೇಕಂತೆ. ಮುಂದಿನ ಗ್ಲೆಂಡಿಯಲ್ಲಿ ಹದಿನೈದು ನಿಮಿಷ ಕೊಡುತ್ತೇವೆ, ಬದಲಿಗೆ ನಿಮ್ಮದಕ್ಕೆ ನಮ್ಮ ಮಕ್ಕಳು ಬರುತ್ತಾರೆ ಅಂದರು. ಮೊದಲನೇ ವರ್ಷ ಅವರ ಜೊತೆಯಲ್ಲೇ ಸೇರಿ ಮಾಡಿದರೆ ಹೇಗೆ? ನೋಂದಣಿ, ರ‍್ಯಾಫಲ್ ತಲೆನೋವು ಅವರಿಗೆ ಅಭ್ಯಾಸ ಇದೆ.

ಲೆಕ್ಕದ ಮೇಷ್ಟ್ರು:

ಅದೇ ಸರಿ. ಆದರೆ ಖರ್ಚು, ಜಮಾ ಎರಡನ್ನೂ ವಾರದೊಳಗೆ ಇಲ್ಲೇ ಹಾಕಬೇಕು. ಚಹಾದ ಹಾಲಿನ ಲೆಕ್ಕವೂ ಸೇರಿ.

ಟಾರ್ನೀಟ್ ಗೌಡ:

ಲೆಕ್ಕ ಹಾಕುವುದಾದರೆ ಸೌಂಡ್ ನನ್ನದು. ಸ್ಪೀಕರ್ ಇದೆ, ವ್ಯಾನ್ ಇದೆ. ಬಾಡಿಗೆ ಬೇಡ. ಕುಣಿ ಅಂತ ಮಾತ್ರ ಕರೆಯಬೇಡಿ.

ಮೃದಂಗದ ಮೂರ್ತಿ:

ತಕಿಟ ತಕ ಧಿಮಿ ಗೌಡ್ರೇ, ಬಿಡುವುದಿಲ್ಲ.

ನಾಲ್ಕು ಚಕ್ರದ ಅಮ್ಮ:

ಮಗನನ್ನು ಕೇಳಿದೆ. ಒಂದು ಸಲ ಬಂದು ನೋಡುತ್ತಾನಂತೆ, ಫೋಟೋ ತೆಗೆಯಬಾರದು ಅನ್ನುವ ಷರತ್ತು. ಕ್ಲಾಸಿಗೆ ಹಾಲ್ ನೋಡಲು ಹೋಗುವವರು ಸ್ಟೇಜಿಗೆ ರ‍್ಯಾಂಪ್ ಇದೆಯಾ ಅಂತ ಮಾತ್ರ ನೋಡಿ ಬರಬೇಡಿ. ಹೊರಗಿನಿಂದ ಒಳಗೆ ಬರುವ ಮೆಟ್ಟಿಲು, ಟಾಯ್ಲೆಟ್ ಬಾಗಿಲಿನ ಅಗಲ, ಒಳಗೆ ಕುರ್ಚಿ ತಿರುಗಿಸಲು ಜಾಗ, ಕಾರು ನಿಲ್ಲಿಸುವ ಕಡೆ, ಇಷ್ಟು ನೋಡಿ. ಸ್ಟೇಜ್ ಇಲ್ಲದಿದ್ದರೂ ನಡೆಯುತ್ತದೆ, ಹೇಗೂ ನೆಲದ ಮೇಲೇ ಕುಣಿಯುತ್ತೀರಲ್ಲ.

ಓಕ್ಲೀ ಅಕ್ಕ:

ಎರಡು ಹಾಲ್ ಸಿಕ್ಕಿದೆ. ಒಂದು ಅಗ್ಗ, ಆದರೆ ಪೂರ್ತಿ ಕಾರ್ಪೆಟ್, ಟಾಯ್ಲೆಟ್ ಮೇಲಿನ ಮಹಡಿಯಲ್ಲಿ. ಇನ್ನೊಂದು ಮರದ ನೆಲ, ಎಲ್ಲ ಕೆಳಗೇ ಇದೆ, ಬಾಡಿಗೆ ಜಾಸ್ತಿ. ಎರಡನೆಯದಕ್ಕೆ ಮುಂಗಡ ನಾನು ಕೊಟ್ಟುಬಿಡುತ್ತೇನೆ. ಮೇಷ್ಟ್ರೇ, ರಸೀದಿ ಯಾರ ಹೆಸರಿಗೆ ಬರೆಸಲಿ?